ಅಪ್‌ಡೇಟ್ ನಡುವೆ ಕರೆಂಟ್ ಹೋದ ಸರ್ವರ್: ಬಯಾಸ್ ಚಿಪ್ ಎತ್ತಿ, ಬರೆದು, ಮತ್ತೆ ಕೂರಿಸಿದ ದಾಖಲೆ

ಯಂತ್ರ ಮಂಡ್ಯದ ಹೊರವಲಯದ ಒಂದು ಅಕ್ಕಿ ಗಿರಣಿಯದು. ಬಯಾಸ್ ಎಂದರೆ ಆನ್ ಮಾಡಿದಾಗ ಯಂತ್ರವನ್ನು ಎಚ್ಚರಿಸುವ ಮೊದಲ ತಂತ್ರಾಂಶ, ಇರುವುದು ಬೋರ್ಡಿನ ಮೇಲಿನ ಒಂದು ಪುಟ್ಟ ಚಿಪ್ಪಿನಲ್ಲಿ. ವೇಬ್ರಿಡ್ಜ್ ತೂಕ, ಬಿಲ್ಲು, ಲೆಕ್ಕ ಎಲ್ಲ ಇದೊಂದರ ಮೇಲೆ ನಡೆಯುತ್ತದೆ. ಬೋರ್ಡು ಸೂಪರ್‌ಮೈಕ್ರೋ ಎಕ್ಸ್10ಎಸ್‌ಎಲ್‌ಎಲ್-ಎಫ್, ಪ್ರೊಸೆಸರ್ ಝಿಯಾನ್ ಇ3-1220 ವಿ3, ಡಿಡಿಆರ್3 ಇಸಿಸಿ ರ‍್ಯಾಮ್ 8 ಜಿಬಿಯ ಎರಡು ಕಡ್ಡಿ, ಇಂಟೆಲ್ ರೇಡ್ 1ರಲ್ಲಿ, ಅಂದರೆ ಒಂದರ ಪ್ರತಿ ಇನ್ನೊಂದರಲ್ಲಿರುವಂತೆ, ಎರಡು ಸಾಟಾ ಡಿಸ್ಕ್. ಕೆಲಸ ಡಿಸೆಂಬರ್ 9ಕ್ಕೆ ಶುರುವಾಗಿ 18ಕ್ಕೆ ಮುಗಿಯಿತು. ಅದರಲ್ಲಿ ಮೂರು ದಿನ ನನ್ನ ಒಂದೇ ತಪ್ಪಿಗೆ ಹೋದವು. ಆ ತಪ್ಪು 14ನೇ ತಾರೀಕಿನ ಕೆಳಗಿದೆ. ಇಂಥದ್ದೇ ಕೆಲಸ ಕೈಯಲ್ಲಿಟ್ಟುಕೊಂಡು ಓದುತ್ತಿರುವವರು ಮೊದಲು ಅದನ್ನು ನೋಡಿ, ಆಮೇಲೆ ಚಿಪ್ಪಿಗೆ ಕೈ ಹಾಕಿ.

ಡಿಸೆಂಬರ್ 9

ಫ್ರೀಡಾಸ್ ಪೆನ್‌ಡ್ರೈವ್‌ನಿಂದ ಬಯಾಸ್ ಅಪ್‌ಡೇಟ್ ನಡೆಯುತ್ತಿತ್ತು. ಅಳಿಸುವ ಹಂತದಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಒಂದು ಕ್ಷಣ ಕೂಗಿ ಆರಿತು. ಒಳಗಿದ್ದವು 12 ವೋಲ್ಟ್ 7 ಆಂಪಿಯರ್-ಗಂಟೆಯ ಎರಡು ಬ್ಯಾಟರಿ, ನಾಲ್ಕು ವರ್ಷ ಹಳೆಯವು. ಹಸಿರು ದೀಪ ಉರಿಯುತ್ತಿದ್ದುದನ್ನು ನೋಡಿ ಅವು ಸರಿಯಿವೆ ಎಂದುಕೊಂಡಿದ್ದೆ. ಲೋಡ್ ಕೊಟ್ಟು ಪರೀಕ್ಷೆ ಮಾಡಿರಲಿಲ್ಲ. ಭತ್ತದ ಸುಗ್ಗಿ ನಡೆಯುವ ತಿಂಗಳಲ್ಲಿ ಈ ಅಪ್‌ಡೇಟ್‌ಗೆ ಕೈ ಹಾಕಿದ್ದೇ ಸರಿಯಲ್ಲ. ಲಾರಿಗಳ ಸಾಲು ನಿಂತಿರುವಾಗ ತೂಕದ ಲೆಕ್ಕವೆಲ್ಲ ಕೈಬರಹದ ಪುಸ್ತಕಕ್ಕೆ ಹೋಯಿತು.

ಕರೆಂಟ್ ಬಂದ ಮೇಲೆ ಗಿರಣಿಯ ರೈಟರ್ ಸ್ವಿಚ್ ಒತ್ತಿ ಹೇಳಿದ್ದು: “ಫ್ಯಾನ್ ತಿರುಗ್ತದೆ ಸಾ, ಸ್ಕ್ರೀನಲ್ಲಿ ಏನೂ ಬತ್ತಾ ಇಲ್ಲ.” ಬೀಪ್ ಇಲ್ಲ, ಕೀಬೋರ್ಡ್ ದೀಪ ಇಲ್ಲ. ಆದರೆ ಬಿಎಂಸಿಯ (ಬೋರ್ಡನ್ನು ದೂರದಿಂದ ನೋಡಿಕೊಳ್ಳಲು ಅದರ ಮೇಲೇ ಇರುವ ಪ್ರತ್ಯೇಕ ನಿಯಂತ್ರಕ) ಪುಟ್ಟ ದೀಪ ಎಂದಿನಂತೆ ಮಿಡಿಯುತ್ತಿತ್ತು, ಅದರ ಜಾಲಪುಟವೂ ತೆರೆಯಿತು. ಬಿಎಂಸಿಗೆ ಅದರದೇ ಬೇರೆ ಫ್ಲಾಶ್ ಚಿಪ್ ಇದೆ, ಸ್ಟ್ಯಾಂಡ್‌ಬೈ ಕರೆಂಟಿನಲ್ಲೇ ಬದುಕುತ್ತದೆ. ಅದು ಉಸಿರಾಡುತ್ತಿದೆ ಎಂದರೆ ಪವರ್ ಸಪ್ಲೈ ಸರಿ, ಬೋರ್ಡು ಸುಟ್ಟಿಲ್ಲ, ಏಟು ಬಿದ್ದಿರುವುದು ಬಯಾಸ್ ಚಿಪ್ಪಿಗೆ ಮಾತ್ರ ಎಂದು ಲೆಕ್ಕ ಹಾಕಿದೆ. ಈ ಲೆಕ್ಕ ಕೊನೆಯವರೆಗೂ ಸರಿಯಾಗೇ ಇತ್ತು.

ಡಿಸೆಂಬರ್ 10: ಬಿಚ್ಚದೆ ಮಾಡಿದ ಪ್ರಯತ್ನಗಳು

ಮೊದಲು ಸಿಮೋಸ್ (ಬಯಾಸ್ ಸೆಟ್ಟಿಂಗ್‌ಗಳ ನೆನಪು) ಅಳಿಸಿದೆ. ಪವರ್ ತಂತಿ ಕಿತ್ತು, 2032 ಬಟನ್ ಬ್ಯಾಟರಿ ತೆಗೆದು, ಜೆಬಿಟಿ1 ಎಂದು ಬರೆದಿರುವ ಎರಡು ತಗಡಿನ ಚುಕ್ಕೆಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಕೂಡಿಸಿದೆ. ಬದಲಾವಣೆ ಇಲ್ಲ.

ಆಮೇಲೆ ಬೋರ್ಡಿನದೇ ರಿಕವರಿ. ಎಫ್ಎಟಿ32 ಪೆನ್‌ಡ್ರೈವ್‌ನ ಮೂಲ ಫೋಲ್ಡರಿನಲ್ಲಿ ಬಯಾಸ್ ಫೈಲನ್ನು ಸೂಪರ್ ಡಾಟ್ ರಾಮ್ ಎಂಬ ಹೆಸರಿನಲ್ಲಿ ಇಟ್ಟು, ಆನ್ ಮಾಡುವಾಗ ಕಂಟ್ರೋಲ್ ಮತ್ತು ಹೋಮ್ ಕೀ ಒಟ್ಟಿಗೆ ಹಿಡಿಯಬೇಕು. ಮೂರು ಪೆನ್‌ಡ್ರೈವ್, ಎರಡು ಕೀಬೋರ್ಡ್, ಯುಎಸ್‌ಬಿ 2.0 ಪೋರ್ಟ್, ಒಂದೇ ಕಡ್ಡಿ ರ‍್ಯಾಮ್, ಪ್ರತಿಸಲ ಹತ್ತು ನಿಮಿಷ ಕಾಯುವುದು. ಪೆನ್‌ಡ್ರೈವ್ ದೀಪ ಒಮ್ಮೆಯೂ ಮಿನುಗಲಿಲ್ಲ. ಈ ದಾರಿ ತೆರೆಯುವುದು ಚಿಪ್ಪಿನ ಬೂಟ್ ಬ್ಲಾಕ್, ಅಂದರೆ ಎಲ್ಲಕ್ಕಿಂತ ಮೊದಲು ಓಡುವ ಭಾಗ, ಉಳಿದಿದ್ದರೆ ಮಾತ್ರ. ಪೆನ್‌ಡ್ರೈವ್ ಓದುವ ಕೋಡ್ ಅಲ್ಲಿಯೇ ಇರುವುದು. ದೀಪ ಮಿನುಗದಿದ್ದರೆ ಎರಡು ಮೂರು ಪ್ರಯತ್ನ ಸಾಕು. ನಾನು ಅರ್ಧ ದಿನ ಕಳೆದೆ.

ಬಿಎಂಸಿ ಜಾಲಪುಟದಲ್ಲೂ ಬಯಾಸ್ ಅಪ್‌ಡೇಟ್ ಮೆನು ಇದೆ. ಅದು ಪರವಾನಗಿ ಕೀ ಕೇಳಿತು. ಕೀ ಇರಲಿಲ್ಲ.

ಸಂಜೆ ಡಿಸ್ಕ್‌ಗಳಿಗೆ 0, 1 ಎಂದು ಚೀಟಿ ಅಂಟಿಸಿ ಗಿರಣಿಯಲ್ಲೇ ಬೀರುವಿಗಿಟ್ಟು, ಬೋರ್ಡನ್ನು ಆಂಟಿಸ್ಟ್ಯಾಟಿಕ್ ಚೀಲದಲ್ಲಿ ಹಾಕಿಕೊಂಡು ಮೈಸೂರಿನ ಬೆಂಚಿಗೆ ತಂದೆ. ಹೊರಡುವ ಮೊದಲು ಬೋರ್ಡಿನ ಮೇಲಿರುವ ಮ್ಯಾಕ್ ವಿಳಾಸದ (ನೆಟ್‌ವರ್ಕ್ ಪೋರ್ಟಿನ ಗುರುತು ಸಂಖ್ಯೆ) ಚೀಟಿಯ ಫೋಟೋ ತೆಗೆದುಕೊಂಡಿದ್ದೆ. ಮುಂದೆ ಈ ಫೋಟೋ ಬಹಳ ಕೆಲಸಕ್ಕೆ ಬಂತು.

ಡಿಸೆಂಬರ್ 11: ಪ್ರೋಗ್ರಾಮರ್ ಮತ್ತು ಕ್ಲಿಪ್

ಬಯಾಸ್ ಚಿಪ್ ಎಂಟು ಕಾಲಿನದು, ಕಾಲಿನಿಂದ ಕಾಲಿಗೆ 1.27 ಮಿಲಿಮೀಟರ್, 208 ಮಿಲ್‌ನ ಅಗಲ ಮೈ. ಮೇಲೆ ವಿನ್‌ಬಾಂಡ್ 25ಕ್ಯೂ128ಎಫ್‌ವಿ. 128 ಮೆಗಾಬಿಟ್ ಅಂದರೆ 16 ಎಂಬಿ, 3.3 ವೋಲ್ಟ್. ಇದೇ ಹೆಸರಿನಲ್ಲಿ ಕೊನೆಗೆ ಎಫ್‌ಡಬ್ಲ್ಯೂ ಎಂದಿದ್ದರೆ ಅದು 1.8 ವೋಲ್ಟ್ ಚಿಪ್. ಅದಕ್ಕೆ 3.3 ಕೊಟ್ಟರೆ ಸುಡಬಹುದು. ಆದ್ದರಿಂದ ಭೂತಗನ್ನಡಿ ಹಿಡಿದು ಎರಡು ಸಲ ಓದಿ.

ಪ್ರೋಗ್ರಾಮರ್, ಅಂದರೆ ಚಿಪ್ಪನ್ನು ನೇರವಾಗಿ ಓದಿ ಬರೆಯುವ ಸಾಧನ, ಎಲ್ಲ ಕಡೆ ಸಿಗುವ ಕಪ್ಪು ಬಣ್ಣದ ಸಿಎಚ್341ಎ. ಇದನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೇ ಬಳಸಬಾರದು. ವಿಸಿಸಿ (ಕರೆಂಟ್ ಕೊಡುವ) ಕಾಲಿನಲ್ಲಿ 3.3 ವೋಲ್ಟ್ ಸರಿಯಾಗಿ ಬರುತ್ತದೆ, ಆದರೆ ಸಿಎಚ್341ಎ ಚಿಪ್ ತಾನು 5 ವೋಲ್ಟಿನಲ್ಲಿ ಓಡುವುದರಿಂದ ಕ್ಲಾಕ್ ಮತ್ತು ಡೇಟಾ ಕಾಲುಗಳಲ್ಲೂ 5 ವೋಲ್ಟೇ ಹೊರಡುತ್ತದೆ. ಮೀಟರ್ ಇಟ್ಟಾಗ 4.9 ಕಂಡಿತು. ವಿನ್‌ಬಾಂಡ್ ಚಿಪ್ಪಿನ ಯಾವ ಕಾಲಿಗೂ ವಿಸಿಸಿಗಿಂತ 0.4 ವೋಲ್ಟಿಗೂ ಹೆಚ್ಚು ಹೋಗಬಾರದು. ಬೋರ್ಡಿನ ಮೇಲಿದ್ದಾಗಲೇ ಕ್ಲಿಪ್ ಹಾಕಿದರೆ ಆ 5 ವೋಲ್ಟ್ ಚಿಪ್‌ಸೆಟ್ಟಿನ ಕಾಲಿಗೂ ತಲುಪುತ್ತದೆ. ಚಿಪ್‌ಸೆಟ್ ಹೋದರೆ ಬೋರ್ಡೇ ಹೋದಂತೆ.

ತಿದ್ದುಪಡಿ ಸುಲಭ. ಸಿಎಚ್341ಎಯ 28ನೇ ಕಾಲನ್ನು ಬಿಸಿ ಮಾಡಿ ಸೂಜಿಯಿಂದ ಪ್ಯಾಡ್ ಬಿಟ್ಟು ಮೇಲೆತ್ತಿ, 1117 ರೆಗ್ಯುಲೇಟರಿನ 3.3 ವೋಲ್ಟ್ ಔಟ್‌ಪುಟ್‌ನಿಂದ ತೆಳು ತಂತಿ ಎಳೆದು ಆ ಕಾಲಿಗೂ 9ನೇ ಕಾಲಿಗೂ ಬೆಸೆಯುವುದು. ಆಮೇಲೆ ಡೇಟಾ ಕಾಲುಗಳಲ್ಲಿ 3.28 ವೋಲ್ಟ್. ಅರ್ಧ ಗಂಟೆಯ ಕೆಲಸ. ಇದನ್ನು ಬಿಡಲೇಬೇಡಿ.

ಇನ್ನು ಕ್ಲಿಪ್. ಚಿಪ್ ಬೋರ್ಡಿನ ಮೇಲಿದ್ದಂತೆಯೇ ಅದರ ಕಾಲುಗಳಿಗೆ ಕಚ್ಚಿಸಿ, ಚಿಪ್ ಓದುವ ಫ್ಲಾಶ್‌ರಾಮ್ ತಂತ್ರಾಂಶ ಓಡಿಸಿದರೆ ಚಿಪ್ ಸಿಗಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲ ಸಿಕ್ಕಿತು, ಓದಿತು. ಮೂರು ಬಾರಿ ಓದಿ ಶಾ-256 ಹ್ಯಾಶ್ (ಫೈಲಿನ ಬೆರಳಚ್ಚು) ನೋಡಿದರೆ ಮೂರೂ ಬೇರೆ ಬೇರೆ. ಕಾರಣ ಎರಡು. ಒಂದು, ಕಾಲುಗಳ ಮೇಲೆ ಹೊಟ್ಟಿನ ಧೂಳು. ಗಿರಣಿಯ ಗಾಳಿಯಲ್ಲಿ ತೇಲುವ ನುಣುಪಾದ ತೌಡು ತೇವ ಹೀರಿ ಅಂಟಿನ ಹಾಗೆ ಕೂತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೂರು ಸುತ್ತು ಉಜ್ಜಿದ ಮೇಲೆ ಹೊಳಪು ಬಂತು. ಎರಡು, ಕ್ಲಿಪ್ ಕೊಡುವ 3.3 ವೋಲ್ಟ್ ಚಿಪ್ಪಿಗಷ್ಟೇ ಹೋಗದೆ ಬೋರ್ಡಿನ ಇಡೀ ಸಾಲಿಗೆ ಹರಿಯುತ್ತದೆ. ಕ್ಲಿಪ್ ಕಚ್ಚಿರುವಾಗ 8ನೇ (ವಿಸಿಸಿ) ಕಾಲಿಗೂ 4ನೇ (ನೆಲದ) ಕಾಲಿಗೂ ನಡುವೆ ಅಳೆದೆ: 2.2 ವೋಲ್ಟ್. ಈ ಚಿಪ್ಪಿಗೆ ಕನಿಷ್ಠ 2.7 ಬೇಕು. ಸ್ವಚ್ಛ ಮಾಡಿದರೂ ಈ ಎರಡನೇ ಸಮಸ್ಯೆ ಹೋಗುವುದಿಲ್ಲ.

ಪವರ್ ತಂತಿ ಸಿಕ್ಕಿಸಿ ಸ್ಟ್ಯಾಂಡ್‌ಬೈ ಕರೆಂಟಿನಿಂದ ಚಿಪ್ಪಿಗೆ ಬಲ ಕೊಟ್ಟು, ಪ್ರೋಗ್ರಾಮರಿನ ವಿಸಿಸಿ ಬಿಟ್ಟು ಓದುವ ಉಪಾಯವೂ ಇದೆ. ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ ಕೆಲವರು ಮಾಡುತ್ತಾರೆ. ಆ ಹೊತ್ತಿನಲ್ಲಿ ಎಚ್ಚರವಾಗಿರುವ ಬಿಎಂಸಿ, ಚಿಪ್‌ಸೆಟ್, ನನ್ನ ಪ್ರೋಗ್ರಾಮರ್ ಮೂರೂ ಒಂದೇ ಸಾಲಿನಲ್ಲಿ ಮಾತಾಡಲು ಹೊರಡಬಹುದು. ಗ್ರಾಹಕರ ಬೋರ್ಡಿನ ಮೇಲೆ ಅದು ಬೇಡವೆಂದು ಚಿಪ್ ಎತ್ತುವುದೇ ಸರಿ ಎಂದು ನಿರ್ಧರಿಸಿದೆ.

ಡಿಸೆಂಬರ್ 12: ಚಿಪ್ ಎತ್ತಿದ್ದು, ಓದಿದ್ದು

ಸುತ್ತ ಕ್ಯಾಪ್ಟಾನ್ ಟೇಪ್, ಕಾಲುಗಳಿಗೆ ಫ್ಲಕ್ಸ್, ಅದರ ಮೇಲೆ 63/37 ಸೀಸದ ಸೋಲ್ಡರ್ ಧಾರಾಳವಾಗಿ. ಕಾರ್ಖಾನೆಯ ಸೀಸವಿಲ್ಲದ ಸೋಲ್ಡರ್ ಕರಗಲು ಸುಮಾರು 217 ಡಿಗ್ರಿ ಬೇಕು, 63/37 ಕರಗುವುದು 183ಕ್ಕೆ. ಎರಡೂ ಬೆರೆತರೆ ಕಡಿಮೆ ಬಿಸಿಯಲ್ಲಿ ಬಿಡುತ್ತದೆ. ಹಾಟ್ ಏರ್ 350 ಡಿಗ್ರಿ, ಮೊದಲ ಅರ್ಧ ನಿಮಿಷ ದೂರದಿಂದ ಬೋರ್ಡನ್ನು ಬೆಚ್ಚಗೆ ಮಾಡಿ, ಆಮೇಲೆ ಹತ್ತಿರ. ನೆಲದ ಕಾಲು, ಅಂದರೆ 4ನೆಯದು, ಬೋರ್ಡಿನ ದೊಡ್ಡ ತಾಮ್ರಕ್ಕೆ ಸೇರಿರುವುದರಿಂದ ಕೊನೆಗೆ ಬಿಡುತ್ತದೆ. ಅದು ಬಿಡುವ ಮೊದಲು ಚಿಮಟದಿಂದ ಎಳೆಯಬಾರದು. ತಟ್ಟಿದರೆ ಚಿಪ್ ತಾನೇ ತೇಲಿದಂತೆ ಅಲುಗಬೇಕು, ಆಗ ಎತ್ತಬೇಕು.

ಒಂದು ನಷ್ಟ: ಗಾಳಿಯ ವೇಗ ಹೆಚ್ಚಿಟ್ಟಿದ್ದರಿಂದ ವಿಸಿಸಿ ಕಾಲಿನ ಪಕ್ಕದ ಎಳ್ಳುಕಾಳಿನಷ್ಟು ಕೆಪಾಸಿಟರ್ ಹಾರಿಹೋಯಿತು. ಹುಡುಕಿದರೂ ಸಿಗಲಿಲ್ಲ. ಸತ್ತ ಲ್ಯಾಪ್‌ಟಾಪ್ ಬೋರ್ಡಿನಿಂದ 100 ನ್ಯಾನೋಫ್ಯಾರಡ್‌ನದು ಕಿತ್ತು ಹಾಕಿದೆ. ಆ ಮೂಲೆಗೂ ಟೇಪ್ ಹಾಕಿದ್ದರೆ ಉಳಿಯುತ್ತಿತ್ತು.

ಅಡಾಪ್ಟರಿನಲ್ಲಿ ಚಿಪ್ ಇಟ್ಟು ಓದಿದೆ. ಗುರುತು ಸಂಖ್ಯೆ ಇಎಫ್ 40 18, ಸರಿ. ಮೂರು ಬಾರಿ ಓದಿದ್ದೂ ಒಂದೇ ಹ್ಯಾಶ್, ಗಾತ್ರ 16,777,216 ಬೈಟ್. ಈ ಫೈಲಿಗೆ ಹಳೆಯ-ಮೂಲ ಎಂದು ಹೆಸರಿಟ್ಟು ಮೂರು ಕಡೆ ಕಾಪಿ ಮಾಡಿದೆ. ಹಳೆಯ ಚಿಪ್ಪಿಗೆ ಒಂದು ಬೈಟನ್ನೂ ಬರೆಯದೆ ಲಕೋಟೆಗೆ ಹಾಕಿ ಎತ್ತಿಟ್ಟೆ. ಹೊಸ ಚಿಪ್ ನೂರು ರೂಪಾಯಿ ಚಿಲ್ಲರೆಗೆ ಸಿಗುವಾಗ ಹಳೆಯದರ ಮೇಲೆ ಬರೆಯುವುದಕ್ಕೆ ಯಾವ ಕಾರಣವೂ ಇಲ್ಲ.

ಡಂಪನ್ನು, ಅಂದರೆ ಚಿಪ್ಪಿನಿಂದ ಓದಿದ ಆ ಫೈಲನ್ನು, ಭಾಗಗಳನ್ನು ಬಿಡಿಸಿ ತೋರಿಸುವ ಯುಇಎಫ್ಐ ಟೂಲ್‌ನಲ್ಲಿ ತೆರೆದಾಗ ಕಂಡದ್ದು: ಮೊದಲ 4 ಕೆಬಿಯ ಡಿಸ್ಕ್ರಿಪ್ಟರ್ (ಯಾವ ಪ್ರದೇಶ ಎಲ್ಲಿದೆ ಎಂಬ ನಕ್ಷೆ) ಗಟ್ಟಿಯಾಗಿದೆ, ಅದರ ಗುರುತಿನ ಬೈಟುಗಳು ಹೆಕ್ಸ್ 10ನೇ ಜಾಗದಲ್ಲಿ ಇದ್ದವು. ಜಿಗಾಬಿಟ್ ಈಥರ್ನೆಟ್ ಪ್ರದೇಶ 8 ಕೆಬಿ, ಇದೆ. ಎಂಇ (ಚಿಪ್‌ಸೆಟ್ಟಿನೊಳಗಿನ ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್) ಪ್ರದೇಶ ಇದೆ. ಬಯಾಸ್ ಪ್ರದೇಶದಲ್ಲಿ ಮಾತ್ರ ದೊಡ್ಡ ದೊಡ್ಡ ಭಾಗಗಳು ಬರೀ ಎಫ್ಎಫ್, ಅಂದರೆ ಅಳಿಸಿದ ಖಾಲಿ ಜಾಗ. ಚಿಪ್ಪಿನ ಕಟ್ಟಕಡೆಯ 64 ಕೆಬಿಯೂ ಎಫ್ಎಫ್. ಪ್ರೊಸೆಸರ್ ಎಚ್ಚರವಾದಾಗ ಓದುವ ಮೊದಲ ಆದೇಶ ಚಿಪ್ಪಿನ ಕೊನೆಯ 16 ಬೈಟುಗಳಲ್ಲಿರುತ್ತದೆ. ಅಲ್ಲೇ ಖಾಲಿ. 10ನೇ ತಾರೀಕಿನ ಪೆನ್‌ಡ್ರೈವ್ ಏಕೆ ಮಿನುಗಲಿಲ್ಲ ಎಂಬುದಕ್ಕೆ ಉತ್ತರ ಇಲ್ಲಿ ಸಿಕ್ಕಿತು.

ಡಿಸೆಂಬರ್ 13

ಮೈಸೂರಿನಲ್ಲಿ ಕೇಳಿದ ಅಂಗಡಿಗಳಲ್ಲಿ ಈ ಚಿಪ್ ಇರಲಿಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಬಸ್ ಪಾರ್ಸೆಲ್‌ನಲ್ಲಿ ಮೂರು ತರಿಸಿದೆ. ಎರಡರ ಮೇಲೆ 25ಕ್ಯೂ128ಜೆವಿಎಸ್‌ಕ್ಯೂ, ಒಂದರ ಮೇಲೆ ಜೆವಿಎಸ್‌ಎಂ. ಕೊನೆಯ ಅಕ್ಷರ ನೋಡಿ ಕೊಳ್ಳಿ. ಕ್ಯೂ ಇರುವುದರ ಗುರುತು ಸಂಖ್ಯೆ ಇಎಫ್ 40 18, ಹಳೆಯದರದೇ. ಎಂ ಇರುವುದು ಇಎಫ್ 70 18. ಡಿಸ್ಕ್ರಿಪ್ಟರಿನೊಳಗೆ ಯಾವ ಯಾವ ಚಿಪ್ ಎಂಬ ಪಟ್ಟಿ ಇರುತ್ತದೆ, ಎಂಇ ಆ ಪಟ್ಟಿ ನೋಡಿಯೇ ಚಿಪ್ಪಿಗೆ ಬರೆಯುವುದು. ಸಂಖ್ಯೆ ಬೇರೆಯಾದರೆ ಆಮೇಲೆ ಏನು ಕೈಕೊಡುತ್ತದೋ ಹೇಳಲಾಗದು. ಎಂ ಚಿಪ್ಪನ್ನು ಪಕ್ಕಕ್ಕಿಟ್ಟೆ.

ಡಿಸೆಂಬರ್ 14: ದೊಡ್ಡ ತಪ್ಪು

ತಯಾರಕರ ಬಯಾಸ್ ಫೈಲ್ ಕೂಡ ಸರಿಯಾಗಿ 16,777,216 ಬೈಟ್ ಇತ್ತು. ಗಾತ್ರ ಹೊಂದುತ್ತದೆ ಎಂದುಕೊಂಡು ಅದನ್ನೇ ಇಡಿಯಾಗಿ ಹೊಸ ಚಿಪ್ಪಿಗೆ ಬರೆದೆ. ಬರೆದು ತಾಳೆ ನೋಡಲು ಏಳು ನಿಮಿಷ, ತಾಳೆ ಸರಿ. ಬೆಸೆದೆ. ಒಂದು ಕಡ್ಡಿ ರ‍್ಯಾಮ್, ಡಿಸ್ಕ್ ಇಲ್ಲದೆ ಆನ್ ಮಾಡಿದೆ. ಎರಡು ಸಲ ತಾನಾಗಿ ಆರಿ ಹೊತ್ತಿ, ಮೂರು ನಿಮಿಷದೊಳಗೆ ಪರದೆಯಲ್ಲಿ ಅಕ್ಷರ ಬಂತು.

ಪೆನ್‌ಡ್ರೈವ್ ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಪೋರ್ಟ್‌ಗಳನ್ನು ನೋಡಿದಾಗ ವಿಷಯ ತಿಳಿಯಿತು. ಮೊದಲ ಪೋರ್ಟಿನ ಮ್ಯಾಕ್ ವಿಳಾಸ 88:88:88:88:87:88. ಇದು ಯಾವ ಯಂತ್ರದ ವಿಳಾಸವೂ ಅಲ್ಲ, ಖಾಲಿ ಮಾದರಿ ಫೈಲಿನಲ್ಲಿ ಇಂಟೆಲ್ ತುಂಬಿಸಿಡುವ ಅಂಕಿ. ಎರಡನೇ ಪೋರ್ಟ್ ಮಾತ್ರ ಸರಿಯಾಗಿ 0ಸಿ:ಸಿ4:7ಎ ಎಂದು ಶುರುವಾಗಿ ಚೀಟಿಯ ಫೋಟೋಗೆ ಹೊಂದುತ್ತಿತ್ತು. ಈ ಬೋರ್ಡಿನಲ್ಲಿ ಎರಡು ಪೋರ್ಟಿಗೆ ಎರಡು ಬಗೆಯ ಚಿಪ್. ಐ210 ತನ್ನ ವಿಳಾಸವನ್ನು ತನ್ನ ಹತ್ತಿರವೇ ಇಟ್ಟುಕೊಂಡಿರುತ್ತದೆ. ಐ217 ಇಟ್ಟುಕೊಳ್ಳುವುದು ಬಯಾಸ್ ಚಿಪ್ಪಿನ ಆ 8 ಕೆಬಿ ಈಥರ್ನೆಟ್ ಪ್ರದೇಶದಲ್ಲಿ. ಇಡೀ ಫೈಲ್ ಬರೆದಾಗ ಅದನ್ನೂ ಅಳಿಸಿಬಿಟ್ಟಿದ್ದೆ. ಗಿರಣಿಯ ಲೆಕ್ಕದ ಸಾಫ್ಟ್‌ವೇರ್ ಲೈಸೆನ್ಸ್ ಕಟ್ಟಿಕೊಂಡಿರುವುದು ಆ ಮೊದಲ ಪೋರ್ಟಿನ ವಿಳಾಸಕ್ಕೇ.

ಹಳೆಯ ಡಂಪ್ ಮೂರು ಕಾಪಿಯಲ್ಲಿ ಕೈಯಲ್ಲಿತ್ತು, ಅದರಲ್ಲಿ ಪ್ರದೇಶಗಳು ಎಲ್ಲಿವೆ ಎಂದು ಎರಡು ದಿನ ಮೊದಲೇ ಕಣ್ಣಾರೆ ನೋಡಿದ್ದೆ. ಆದರೂ ಗಾತ್ರ ಹೊಂದಿತೆಂಬ ಒಂದೇ ಕಾರಣಕ್ಕೆ ಬರೆದೆ. ತಯಾರಕರ ಫೈಲ್ ಅಪ್‌ಡೇಟ್ ಸಾಧನದ ಕೈಗೆ ಕೊಡಲು ಮಾಡಿದ್ದು, ಎಲ್ಲಿ ಬರೆಯಬೇಕು ಎಲ್ಲಿ ಬಿಡಬೇಕು ಎಂಬುದು ಆ ಸಾಧನಕ್ಕೆ ಗೊತ್ತು. ಪ್ರೋಗ್ರಾಮರಿಗೆ ಗೊತ್ತಿಲ್ಲ.

ಡಿಸೆಂಬರ್ 15: ಫೈಲ್ ಜೋಡಣೆ

ಹೊಸ ಫೈಲಿನ ಸೂತ್ರ: ಡಿಸ್ಕ್ರಿಪ್ಟರ್, ಈಥರ್ನೆಟ್, ಎಂಇ ಮೂರೂ ಹಳೆಯ ಡಂಪಿನಿಂದ, ಬಯಾಸ್ ಪ್ರದೇಶ ಮಾತ್ರ ತಯಾರಕರ ಫೈಲಿನಿಂದ. ಐಎಫ್‌ಡಿ ಟೂಲ್ ಎರಡೂ ಫೈಲುಗಳನ್ನು ತುಂಡು ಮಾಡಿ ಕೊಡುತ್ತದೆ. ಪ್ರದೇಶಗಳ ಗಡಿ ಬೋರ್ಡಿನಿಂದ ಬೋರ್ಡಿಗೆ ಬೇರೆ, ಬೇರೆ ಬೋರ್ಡಿನ ಅಂಕಿ ತಂದು ಬಳಸಬೇಡಿ. ಎರಡೂ ಡಿಸ್ಕ್ರಿಪ್ಟರುಗಳಲ್ಲಿ ಗಡಿಗಳು ಒಂದೇ ಎಂದು ಖಚಿತ ಮಾಡಿಕೊಂಡ ಮೇಲೆ ಜೋಡಿಸಬೇಕು. ಇಲ್ಲಿ ಒಂದೇ ಇದ್ದವು, ಎಂಇ ಆವೃತ್ತಿಯೂ ಒಂದೇ.

ಈಥರ್ನೆಟ್ ತುಂಡನ್ನು ಬೇರೆಯಾಗಿ ಪರೀಕ್ಷಿಸಿದೆ. 4 ಕೆಬಿಯಂತೆ ಎರಡು ಪ್ರತಿ ಇರುತ್ತವೆ. ಮೊದಲ 6 ಬೈಟ್ ಮ್ಯಾಕ್ ವಿಳಾಸ, ಚೀಟಿಗೆ ಹೊಂದಿತು. ಮೊದಲ 64 ಪದಗಳನ್ನು, ಪದಕ್ಕೆ 16 ಬಿಟ್‌ನಂತೆ ಕೂಡಿದರೆ ಕೊನೆಯ 16 ಬಿಟ್ ಹೆಕ್ಸ್ ಬಿಎಬಿಎ ಬರಬೇಕು. ಎರಡೂ ಪ್ರತಿಯಲ್ಲಿ ಬಂತು. ಈ ತುಂಡೂ ಹಾಳಾಗಿದ್ದರೆ ಮಾದರಿ ತುಂಡಿನಲ್ಲಿ ವಿಳಾಸ ಬರೆದು ಮೊತ್ತವನ್ನು ಕೈಯಾರೆ ಸರಿ ಮಾಡಬೇಕಾಗುತ್ತಿತ್ತು.

ಹಳೆಯ ಬಯಾಸ್ ಸೆಟ್ಟಿಂಗ್‌ಗಳಿದ್ದ ಎನ್‌ವಿರಾಮ್ ಭಾಗ ಡಂಪಿನಲ್ಲಿ ಅರ್ಧಂಬರ್ಧ ಉಳಿದಿತ್ತು. ಅದನ್ನು ತೇಪೆ ಹಾಕಲು ಹೋಗಲಿಲ್ಲ. ಹಳೆಯ ಆವೃತ್ತಿಯ ಸೆಟ್ಟಿಂಗ್ ಹೊಸ ಬಯಾಸ್‌ಗೆ ಹಾಕಿ ಇನ್ನೊಂದು ರಹಸ್ಯ ಹುಟ್ಟಿಸುವುದಕ್ಕಿಂತ ಹತ್ತು ನಿಮಿಷ ಕೂತು ಕೈಯಲ್ಲಿ ತುಂಬುವುದು ಮೇಲು.

ಡಿಸೆಂಬರ್ 16–17: ಎರಡನೇ ಸಲ ಎತ್ತಿದ್ದಕ್ಕೆ ತೆತ್ತ ಬೆಲೆ

ಚಿಪ್ ಮತ್ತೆ ಎತ್ತಬೇಕಾಯಿತು. ಒಂದೇ ಜಾಗ ಎರಡನೇ ಸಲ ಬಿಸಿ ಕಂಡಾಗ ತಾಮ್ರದ ಹಿಡಿತ ಸಡಿಲವಾಗುತ್ತದೆ. 7ನೇ ಕಾಲಿನ ಪ್ಯಾಡ್ ಚಿಪ್ಪಿನ ಜೊತೆಗೇ ಎದ್ದು ಬಂತು. ಅದು ಹೋಲ್ಡ್ ಕಾಲು, ನಾಲ್ಕು ಸಾಲಿನಲ್ಲಿ ಓದುವಾಗ ಡೇಟಾ ಕಾಲೂ ಹೌದು. ತೇಲಿಬಿಡುವಂತಿಲ್ಲ. ಮೀಟರ್ ಹಿಡಿದು ಜಾಡು ಹುಡುಕಿದರೆ 4 ಮಿಲಿಮೀಟರ್ ಆಚೆ 33 ಓಮ್ ರೆಸಿಸ್ಟರಿಗೆ ಹೋಗಿತ್ತು. 0.1 ಮಿಲಿಮೀಟರ್ ಎನಾಮೆಲ್ ತಂತಿಯನ್ನು ಕಾಲಿನಿಂದ ಅಲ್ಲಿಗೆ ಬೆಸೆದು, ಮೇಲೆ ಯುವಿ ಮಾಸ್ಕ್ (ಯುವಿ ಬೆಳಕಿಗೆ ಗಟ್ಟಿಯಾಗುವ ಲೇಪ) ಹಚ್ಚಿ ಗಟ್ಟಿ ಮಾಡಿದೆ. ಮೊದಲ ತಂತಿ ಬೆಸೆಯುವಾಗಲೇ ತುಂಡಾಯಿತು, ಎರಡನೆಯದು ನಿಂತಿತು. 14ರಂದು ಸರಿಯಾದ ಫೈಲ್ ಬರೆದಿದ್ದರೆ ಈ ಗಾಯ ಬೋರ್ಡಿಗೆ ಆಗುತ್ತಿರಲಿಲ್ಲ.

ಜೋಡಿಸಿದ ಫೈಲ್ ಬರೆದು, ತಾಳೆ ನೋಡಿ, ಮತ್ತೆ ಓದಿ ಹ್ಯಾಶ್ ಹೋಲಿಸಿ, ಆಮೇಲೆ ಬೆಸೆದೆ. 17ರ ಸಂಜೆ ಆನ್ ಮಾಡಿದಾಗ ಎರಡೂ ಪೋರ್ಟಿನ ವಿಳಾಸ ಚೀಟಿಯಲ್ಲಿ ಇದ್ದ ಹಾಗೇ ಬಂತು. ಇಡೀ ರಾತ್ರಿ ಮೆಮೊರಿ ಪರೀಕ್ಷೆ ಓಡಿಸಿದೆ, ದೋಷ ಇಲ್ಲ.

ಡಿಸೆಂಬರ್ 18: ಮಂಡ್ಯ

ಡಿಸ್ಕ್ ಸಿಕ್ಕಿಸುವ ಮೊದಲು ಬಯಾಸ್‌ಗೆ ಹೋಗಿ ಸಾಟಾ ಮೋಡ್ ನೋಡಿದೆ. ಹೊಸ ಬಯಾಸ್‌ನ ಡೀಫಾಲ್ಟ್ ಎಎಚ್‌ಸಿಐ. ಇಲ್ಲಿ ಬೇಕಿರುವುದು ರೇಡ್. ಎಎಚ್‌ಸಿಐನಲ್ಲೇ ಬಿಟ್ಟು ಡಿಸ್ಕ್ ಸಿಕ್ಕಿಸಿ ಆನ್ ಮಾಡಿದ್ದರೆ ಎರಡು ಡಿಸ್ಕ್‌ಗಳೂ ಬಿಡಿ ಬಿಡಿಯಾಗಿ ಕಾಣುತ್ತಿದ್ದವು. ಒಂದರಿಂದ ಬೂಟ್ ಆಗಿ ಅದರ ಮೇಲೆ ಮಾತ್ರ ಬರಹ ನಡೆದರೆ ಜೋಡಿ ಒಡೆದಂತೆ. ರೇಡ್ ಆಯ್ದು, ಉಳಿಸಿ, ಯಂತ್ರ ಆಫ್ ಮಾಡಿ, 0 ಮತ್ತು 1 ಚೀಟಿಯ ಪ್ರಕಾರ ಸಿಕ್ಕಿಸಿದೆ. ಅರೇ (ಡಿಸ್ಕ್ ಜೋಡಿ) ನಾರ್ಮಲ್ ಎಂದು ಬಂತು. ಗಡಿಯಾರ ಸರಿ ಮಾಡಿ, ಬೂಟ್ ಕ್ರಮ ಹಾಕಿ, ಕರೆಂಟ್ ಬಂದಾಗ ತಾನೇ ಆನ್ ಆಗುವ ಆಯ್ಕೆ ಹಾಕಿದೆ. ಲೆಕ್ಕದ ಸಾಫ್ಟ್‌ವೇರ್ ಲೈಸೆನ್ಸ್ ಕೇಳಲಿಲ್ಲ. ಮಧ್ಯಾಹ್ನ ಒಂದೂವರೆಗೆ ಮೊದಲ ಲಾರಿಯ ತೂಕ ದಾಖಲಾಯಿತು.

ಖರ್ಚು: ಪ್ರೋಗ್ರಾಮರ್ ಮತ್ತು ಕ್ಲಿಪ್ 450 ರೂ., ಮೂರು ಚಿಪ್ 360, ಪಾರ್ಸೆಲ್ 80, ಫ್ಲಕ್ಸ್ ಮತ್ತು ಕ್ಯಾಪ್ಟಾನ್ ಟೇಪ್ 310, ಆಲ್ಕೋಹಾಲ್ 90, ಯುಪಿಎಸ್‌ಗೆ ಎರಡು ಹೊಸ ಬ್ಯಾಟರಿ 2,300. ಒಟ್ಟು 3,590. ಬ್ಯಾಟರಿ ಹಾಕಿದ ಮೇಲೆ ಸರ್ವರ್ ಲೋಡಿನಲ್ಲೇ ಮೇನ್ಸ್ ಕಿತ್ತು ನೋಡಿದೆ, 19 ನಿಮಿಷ ನಿಂತಿತು.

ಹಳೆಯ ಚಿಪ್ಪನ್ನು ಲಕೋಟೆಯ ಸಮೇತ ಕ್ಯಾಬಿನೆಟ್ಟಿನ ಒಳಗೋಡೆಗೆ ಅಂಟಿಸಿ, ಮೇಲೆ ತಾರೀಕು, ಹ್ಯಾಶ್‌ನ ಮೊದಲ ಎಂಟು ಅಕ್ಷರ ಬರೆದಿದೆ. ಉಳಿದಿರುವ ಕ್ಯೂ ಚಿಪ್ಪಿಗೂ ಇದೇ ಫೈಲ್ ಬರೆದು ಅದರ ಪಕ್ಕದಲ್ಲೇ ಇಟ್ಟಿದೆ. ಬಾಕಿ ಇರುವುದು ಬಿಎಂಸಿ ಚಿಪ್ಪಿನ ಪ್ರತಿ. ಅದಕ್ಕೂ ಯಂತ್ರ ನಿಲ್ಲಿಸಬೇಕು, ಸುಗ್ಗಿ ಮುಗಿದ ಮೇಲೆ.